ಆಕಾಶದಲ್ಲಿ ಮುಕ್ಕಾಲು ಗಂಟೆ, ನೆಲದ ಮೇಲೆ ನಾಲ್ಕೂವರೆ!

ಮಂಗಳೂರು–ಬೆಂಗಳೂರು ವಿಮಾನದ ದೂರ ಎಷ್ಟು, ಹೊತ್ತು ಎಷ್ಟು? ಹೀಗೊಂದು ಲೆಕ್ಕ

"ಮಂಗಳೂರಿನಿಂದ ಬೆಂಗಳೂರಿಗೆ ಒಂದೇ ಗಂಟೆ!"

ಟಿಕೆಟ್ ಮಾರುವವರ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ರಾತ್ರಿ ಹತ್ತಕ್ಕೆ ಬಿಜೈಯಲ್ಲಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಕಣ್ಣುಜ್ಜಿಕೊಂಡು ಇಳಿಯುವ ಸಾವಿರಾರು ಜನ ಲೆಕ್ಕ ಬಾರದವರೇ ಇರಬೇಕು ಅನ್ನಿಸಿಬಿಡುತ್ತದೆ. ಆದರೆ ಹಾಗೆ ಬಸ್ಸು ಹತ್ತುವವರಲ್ಲಿ ಎಷ್ಟೋ ಮಂದಿ ಅಂಗಡಿ ನಡೆಸುವವರು, ಪೈಸೆ ಪೈಸೆಗೆ ಲೆಕ್ಕ ಇಡುವವರು. ಅವರಿಗೆ ಲೆಕ್ಕ ಬರುವುದಿಲ್ಲ ಎಂದರೆ ನಂಬುವವರು ಯಾರು?

ಹಾಗಾದರೆ ಆ ಒಂದು ಗಂಟೆ ಸುಳ್ಳೇ? ಸುಳ್ಳಲ್ಲ, ನಿಜವೇ. ಆದರೆ ಅದು ವಿಮಾನಕ್ಕೆ ಹಿಡಿಯುವ ಹೊತ್ತು. ಅದರೊಳಗೆ ಕೂತ ಮನುಷ್ಯನಿಗೆ ಹಿಡಿಯುವ ಹೊತ್ತು ಬೇರೆ.

ಗೆರೆ ಎಳೆದರೆ ಮುನ್ನೂರು

ಮೊದಲು ದೂರದ ವಿಷಯ. ನಕಾಶೆಯ ಮೇಲೆ ಹಂಪನಕಟ್ಟೆಯಿಂದ ಬೆಂಗಳೂರಿನ ನಡುಪೇಟೆಗೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ ಬರುವುದು ಸುಮಾರು 300 ಕಿಲೋಮೀಟರ್. ಬಜ್ಪೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎಳೆದರೆ ಇನ್ನೊಂದು ಆರೇಳು ಕಿಲೋಮೀಟರ್ ಹೆಚ್ಚು. ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಒಂದು ನೆಟ್ಟಗೆ ಪೂರ್ವಕ್ಕೆ, ಇನ್ನೊಂದು ನೆಟ್ಟಗೆ ಪಶ್ಚಿಮಕ್ಕೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿ ಹನ್ನೊಂದು ನಿಮಿಷ ಆದ ಮೇಲೆ ಮಂಗಳೂರಿನಲ್ಲಿ ಹುಟ್ಟುತ್ತಾನೆ. ಈ ದಾರಿಯಲ್ಲಿ ಸೂರ್ಯನನ್ನು ಮೀರಿಸುವ ಗಾಡಿ ಇನ್ನೂ ಬಂದಿಲ್ಲ ಬಿಡಿ.

ರಸ್ತೆಯಲ್ಲಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡು ಮಾರ್ಗವಾಗಿ ಸುಮಾರು 350 ಕಿಲೋಮೀಟರ್. ಅಂದರೆ ವಿಮಾನ ಉಳಿಸಿಕೊಡುವ ದೂರ ಐವತ್ತು ಕಿಲೋಮೀಟರ್ ಮಾತ್ರ. ನಡುವೆ ಘಟ್ಟ ಇಟ್ಟುಕೊಂಡೂ ಈ ರಸ್ತೆ ಇಷ್ಟು ನೇರವಾಗಿದೆ ಅನ್ನುವುದು ಹಲವರಿಗೆ ಗೊತ್ತಿಲ್ಲ.

ರೈಲಿನ ಕತೆ ಕೇಳಿದರೆ ನಗು ಬರುತ್ತದೆ. ಹಾಸನ–ಮಂಗಳೂರು ಹಳಿ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಅದಕ್ಕೆ ಮೊದಲು ಮಂಗಳೂರಿನವರು ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕೆಂದರೆ ಕೇರಳಕ್ಕೆ ಇಳಿದು, ಶೋರನೂರು, ಪಾಲಕ್ಕಾಡು, ಕೊಯಮತ್ತೂರು, ಸೇಲಂ, ಜೋಲಾರ್‌ಪೇಟೆ ಸುತ್ತಿ ಬರಬೇಕಿತ್ತು. ಎಂಟುನೂರು ಕಿಲೋಮೀಟರಿಗೂ ಮೀರಿದ ಸುತ್ತು! ಮೂಗು ಹಿಡಿಯಲು ತಲೆಯ ಹಿಂದಿನಿಂದ ಕೈ ತಂದ ಹಾಗೆ. ಹಳಿ ಬಂದ ಮೇಲಾದರೂ ನೆಮ್ಮದಿಯೇ? 1996ರಲ್ಲಿ ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡುತ್ತೇವೆಂದು ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಮುಚ್ಚಿದಾಗ ಒಂದನೇ ಕ್ಲಾಸಿಗೆ ಸೇರಿದ ಹುಡುಗ ರೈಲು ಬರುವಷ್ಟರಲ್ಲಿ ಪಿ.ಯು.ಸಿ.ಗೆ ಬಂದಿದ್ದ.

ಈ ಗಲಾಟೆಯೆಲ್ಲ ಮೇಲೆ ಹಾರುವ ವಿಮಾನಕ್ಕಿಲ್ಲ. ಬಜ್ಪೆಯ ನಿಲ್ದಾಣ ತೆರೆದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಡಕೋಟಾ ವಿಮಾನದಲ್ಲಿ ಬಂದು ಇಳಿದಿದ್ದರು. ಬೆಂಗಳೂರಿಗೆ ನೇರ ಹಳಿ ಬರುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಮಂಗಳೂರಿಗೆ ವಿಮಾನ ಬಂದಿತ್ತು!

ಮುನ್ನೂರು ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಇಲ್ಲಿ ಒಂದು ಪ್ರಶ್ನೆ ಏಳಬೇಕು. ದೊಡ್ಡ ಜೆಟ್ ವಿಮಾನ ಗಂಟೆಗೆ ಎಂಟುನೂರು ಕಿಲೋಮೀಟರ್ ಓಡುತ್ತದಲ್ಲ, ಹಾಗಿದ್ದ ಮೇಲೆ ಮುನ್ನೂರಕ್ಕೆ ಇಪ್ಪತ್ಮೂರು ನಿಮಿಷ ಸಾಕಾಗಬೇಕು. ಟಿಕೆಟ್ಟಿನಲ್ಲಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಎಂದು ಏಕೆ ಬರೆಯುತ್ತಾರೆ?

ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜ್ಯೋತಿ ಸರ್ಕಲ್ಲಿನಿಂದ ಹಂಪನಕಟ್ಟೆಗೆ ಹೋಗುವ ಸಿಟಿ ಬಸ್ಸಿನ ಇಂಜಿನ್ನು ಎಷ್ಟೇ ಗಟ್ಟಿಯಿದ್ದರೂ, ಟಾಪ್ ಗೇರಿಗೆ ಬೀಳುವಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತದೆ. ವಿಮಾನದ ಕತೆಯೂ ಅದೇ. ಮೇಲೇರುವಾಗ ಪೂರ್ತಿ ವೇಗ ಇರುವುದಿಲ್ಲ, ಇಳಿಯುವಾಗ ವೇಗ ತಗ್ಗಿಸಲೇಬೇಕು. ಮುನ್ನೂರು ಕಿಲೋಮೀಟರಿನಲ್ಲಿ ಏರಿದ್ದೇ ಇಳಿಯುವ ಸಿದ್ಧತೆ. ಗಗನಸಖಿ ನೀರಿನ ಬಾಟಲಿ ಕೊಟ್ಟು ಹಿಂದಿನ ಸಾಲು ಮುಟ್ಟುವುದರೊಳಗೆ "ಬೆಲ್ಟ್ ಹಾಕ್ಕೊಳ್ಳಿ" ಎಂಬ ದೀಪ ಹತ್ತಿರುತ್ತದೆ.

ಅದಕ್ಕೇ ರೆಕ್ಕೆಗೆ ಫ್ಯಾನು ಕಟ್ಟಿದ ಎಟಿಆರ್ ವಿಮಾನ ಗಂಟೆಗೆ ಐನೂರು ಕಿಲೋಮೀಟರ್ ಮಾತ್ರ ಓಡಿದರೂ ಈ ದಾರಿಯಲ್ಲಿ ಜೆಟ್ಟಿಗಿಂತ ಬಹಳ ಹಿಂದೆ ಬೀಳುವುದಿಲ್ಲ. ದೆಹಲಿಗಾದರೆ ವ್ಯತ್ಯಾಸ ಗಂಟೆಗಟ್ಟಲೆ. ಬೆಂಗಳೂರಿಗೆ ನಿಮಿಷಗಳ ಲೆಕ್ಕ.

ಇನ್ನು ಸುತ್ತು ಬೇರೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಬೆಂಗಳೂರಿನ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ, ಪಶ್ಚಿಮದ ಮಂಗಳೂರಿಗೆ ಹೊರಟ ವಿಮಾನವೂ ಮೊದಲು ಪೂರ್ವಕ್ಕೇ ಹಾರಿ ಆಮೇಲೆ ತಿರುಗಬೇಕು. ಇಳಿಯುವಾಗ ಮುಂದೆ ನಾಲ್ಕು ವಿಮಾನ ಸಾಲಿನಲ್ಲಿದ್ದರೆ ಐದನೆಯದು ಆಕಾಶದಲ್ಲೇ ಸುತ್ತು ಹೊಡೆಯಬೇಕು. ನೆಲದ ಮೇಲೆ ರನ್‌ವೇಗೆ ಉರುಳಿಕೊಂಡು ಹೋಗುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಸೇರಿ ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ. ಟಿಕೆಟ್ಟಿನ "ಒಂದು ಗಂಟೆ" ಎಂದರೆ ಇದೆಲ್ಲ ಸೇರಿದ್ದು. ನಿಂತ ಜಾಗದಿಂದ ಗಾಲಿ ಉರುಳಿದ ಗಳಿಗೆಯಿಂದ ಅಲ್ಲಿ ಹೋಗಿ ಗಾಲಿ ನಿಲ್ಲುವ ಗಳಿಗೆಯವರೆಗೆ. ನಿಜವಾಗಿ ಗಾಳಿಯಲ್ಲಿ ಇರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ.

ಮನೆ ಬಾಗಿಲಿನಿಂದ ಮೆಜೆಸ್ಟಿಕ್ಕಿಗೆ

ಈಗ ಅಂಗಡಿ ಲೆಕ್ಕಕ್ಕೆ ಬರೋಣ. ಕಂಕನಾಡಿಯ ಬಟ್ಟೆ ವ್ಯಾಪಾರಿಯೊಬ್ಬರು ಚಿಕ್ಕಪೇಟೆಗೆ ಸರಕು ನೋಡಲು ವಿಮಾನದಲ್ಲಿ ಹೊರಟರು ಎಂದಿಟ್ಟುಕೊಳ್ಳಿ.

ಮನೆಯಿಂದ ಬಜ್ಪೆ ಗುಡ್ಡ ಹತ್ತಲು ಮುಕ್ಕಾಲು ಗಂಟೆ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಲಗೇಜು ತೆಗೆದುಕೊಳ್ಳುವ ಕೌಂಟರು ಮುಚ್ಚುತ್ತದೆ. ಹೀಗಾಗಿ ಎಷ್ಟು ಧೈರ್ಯವಂತನಾದರೂ ಒಂದೂವರೆ ಗಂಟೆ ಮೊದಲು ಅಲ್ಲಿರಬೇಕು. ಕಂಪೆನಿಯವರು ಹೇಳುವುದು ಎರಡು ಗಂಟೆ. ವಿಮಾನದ ಹೊತ್ತು ಒಂದು ಗಂಟೆ ಐದು ನಿಮಿಷ. ಇಳಿದು, ನಡೆದು, ಪೆಟ್ಟಿಗೆ ಬರುವ ಪಟ್ಟಿಯ ಮುಂದೆ ಕಾದು ಹೊರಗೆ ಬರಲು ಇಪ್ಪತ್ತೈದು ನಿಮಿಷ. ಆಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ 35 ಕಿಲೋಮೀಟರ್. ವಾಯುವಜ್ರ ಬಸ್ಸು ಸಿಕ್ಕಿ, ಹೆಬ್ಬಾಳ ದಾಟಿ ಮುಟ್ಟಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹೆಬ್ಬಾಳದ ಮರ್ಜಿ ಕೆಟ್ಟರೆ ಅದೂ ಸಾಲದು.

ಕೂಡಿಸಿ. ಐದು ಗಂಟೆ ಕಾಲು!

ಅದರಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ. ಉಳಿದ ನಾಲ್ಕೂವರೆ ಗಂಟೆ ನೆಲದ ಮೇಲೆಯೇ. ಸಾಲಿನಲ್ಲಿ, ಕುರ್ಚಿಯಲ್ಲಿ, ಟ್ರಾಫಿಕ್ಕಿನಲ್ಲಿ. ಬೆಲ್ಟು ಬಿಚ್ಚಿ, ಜೇಬು ಬರಿದು ಮಾಡಿ, ಕೈ ಎತ್ತಿ ನಿಂತದ್ದನ್ನೂ ಸೇರಿಸಿ.

ರಾತ್ರಿ ಬಸ್ಸಿಗೆ ಎಷ್ಟು? ಘಾಟಿ ಸರಿಯಿದ್ದರೆ ಏಳರಿಂದ ಎಂಟು ಗಂಟೆ. ಮನೆಯಿಂದ ಬಿಜೈಗೆ ಬಂದು ಕಾದದ್ದೂ ಸೇರಿಸಿ ಎಂಟು ಗಂಟೆ ಎನ್ನಿ. ಅಂದರೆ ವಿಮಾನದವನು ಗೆದ್ದದ್ದು ಎರಡು ಮುಕ್ಕಾಲು ಗಂಟೆ. ಇಲ್ಲಿ ವ್ಯಾಪಾರಿಯ ತಲೆ ಓಡುತ್ತದೆ ನೋಡಿ. ವಿಮಾನ ತಿನ್ನುವ ಐದು ಗಂಟೆ ಹಗಲಿನದು, ಅಂಗಡಿಯಲ್ಲಿ ಗಿರಾಕಿ ಬರುವ ಹೊತ್ತಿನದು. ಬಸ್ಸು ತಿನ್ನುವ ಎಂಟು ಗಂಟೆ ನಿದ್ದೆಯದು. ರಾತ್ರಿ ಅಂಗಡಿಯ ಶಟರ್ ಎಳೆದು ಹೊರಟವರು ಬೆಳಿಗ್ಗೆ ಚಿಕ್ಕಪೇಟೆ ಬಾಗಿಲು ತೆಗೆಯುವ ಮೊದಲೇ ಕಾಫಿ ಕುಡಿದು ಮುಗಿಸಿರುತ್ತಾರೆ. ಲಾಡ್ಜಿನ ಖರ್ಚೂ ಇಲ್ಲ. ವಾಪಸು ಬರುವಾಗ ವಿಮಾನದಲ್ಲಿ ಹದಿನೈದು ಕೆ.ಜಿ. ಪೆಟ್ಟಿಗೆ, ಕೈಯಲ್ಲಿ ಏಳು ಕೆ.ಜಿ. ಮೀರಿದರೆ ದಂಡ. ಬಸ್ಸಿನ ಡಿಕ್ಕಿಯಲ್ಲಿ ಎರಡು ಗಂಟು ಸೇರಿಸುವುದಕ್ಕೆ ಕ್ಲೀನರನ್ನು "ಅಣ್ಣಾ" ಎಂದರೆ ಸಾಕು.

ಹೀಗೆಂದು ವಿಮಾನ ಹತ್ತುವವರೆಲ್ಲ ದುಂದುಗಾರರು ಎನ್ನುವಂತಿಲ್ಲ. ಬೆಂಗಳೂರಿನಲ್ಲಿ ಇಳಿದು ಮತ್ತೊಂದು ವಿಮಾನ ಹತ್ತಿ ದೆಹಲಿಗೋ ಕಲ್ಕತ್ತೆಗೋ ಹೋಗುವವರಿಗೆ ಆ ಹೆಬ್ಬಾಳದ ಗೊಡವೆಯೇ ಇಲ್ಲ. ಅವರಿಗೆ ಒಂದು ಗಂಟೆ ಎಂದರೆ ಒಂದೇ ಗಂಟೆ. ಯಲಹಂಕದಲ್ಲಿ ಮಗಳ ಮನೆ ಇದ್ದವರಿಗೂ ಲಾಭ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇದ್ದವರಿಗೆ, ಕೆಂಗೇರಿಯಲ್ಲಿ ನೆಂಟರಿದ್ದವರಿಗೆ ಇದೇ ಲೆಕ್ಕ ತಲೆಕೆಳಗು.

ಆಕಾಶದಲ್ಲಿ ಐದು, ನೆಲದಲ್ಲಿ ಇಪ್ಪತ್ತು

ಮೊದಲು ಹೀಗಿರಲಿಲ್ಲ. 2008ರ ಮೇ ತನಕ ಬೆಂಗಳೂರಿನ ವಿಮಾನ ಇಳಿಯುತ್ತಿದ್ದದ್ದು ಊರೊಳಗಿನ ಎಚ್.ಎ.ಎಲ್. ನಿಲ್ದಾಣದಲ್ಲಿ. ಅಲ್ಲಿಂದ ಆಟೋ ಹಿಡಿದು ಎಂ.ಜಿ. ರಸ್ತೆಗೆ ಬರಬಹುದಿತ್ತು. ಅದು ಇಕ್ಕಟ್ಟಾಯಿತು, ವಿಮಾನಗಳು ಹೆಚ್ಚಿದವು, ನಿಲ್ದಾಣ ದೇವನಹಳ್ಳಿಗೆ ಹೋಯಿತು. ಆ ಬದಲಾವಣೆಯಿಂದ ಮಂಗಳೂರಿನ ವಿಮಾನದ ದೂರ ಆಕಾಶದಲ್ಲಿ ಎಷ್ಟು ಹೆಚ್ಚಿತು ಗೊತ್ತೇ? ಐದು ಕಿಲೋಮೀಟರ್ ಆಸುಪಾಸು. ವಿಮಾನಕ್ಕೆ ಅದು ಅರ್ಧ ನಿಮಿಷದ ಮಾತು. ಆದರೆ ಇಳಿದವನು ಮೆಜೆಸ್ಟಿಕ್ಕಿಗೆ ಬರುವ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಬೆಳೆಯಿತು. ಟಿಕೆಟ್ಟಿನ ಮೇಲೆ ಮಾತ್ರ ಅದೇ ಒಂದು ಗಂಟೆ ಉಳಿಯಿತು.

ನಲವತ್ತು ದಿನದ ಕೂಸು ಹೇಳಿದ ಲೆಕ್ಕ

ಈ ಇಡೀ ಲೆಕ್ಕವನ್ನು ಬುಡಮೇಲು ಮಾಡಿದ ಒಂದು ಪ್ರಯಾಣ ನಡೆದದ್ದು 2020ರ ಫೆಬ್ರವರಿಯಲ್ಲಿ. ಹೃದಯದ ತೊಂದರೆಯಿದ್ದ ನಲವತ್ತು ದಿನದ ಹಸುಗೂಸನ್ನು ಮಂಗಳೂರಿನ ಆಸ್ಪತ್ರೆಯಿಂದ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ಯಬೇಕಾಯಿತು. ಸುದ್ದಿ ಮೊದಲೇ ಹಬ್ಬಿತ್ತು. ದಾರಿಯುದ್ದಕ್ಕೂ ಪೊಲೀಸರೂ ಊರಿನ ಹುಡುಗರೂ ನಿಂತು ವಾಹನಗಳನ್ನು ಬದಿಗೆ ಸರಿಸಿದರು. ಆ ಆಂಬುಲೆನ್ಸು ಬೆಂಗಳೂರು ಮುಟ್ಟಿದ್ದು ನಾಲ್ಕೂವರೆ ಗಂಟೆಯೊಳಗೆ!

ಮತ್ತೊಮ್ಮೆ ಓದಿ. ಕಂಕನಾಡಿಯ ವ್ಯಾಪಾರಿ ವಿಮಾನದಲ್ಲಿ ಹೋಗಿ ಮೆಜೆಸ್ಟಿಕ್ಕು ಮುಟ್ಟಿದ್ದು ಐದು ಗಂಟೆ ಕಾಲಿಗೆ. ಅದೇ ಘಟ್ಟ, ಅದೇ ರಸ್ತೆಯಲ್ಲಿ ನಾಲ್ಕು ಗಾಲಿಯ ವಾಹನ ಅದಕ್ಕಿಂತ ಮೊದಲು ತಲುಪಿತು. ಎಲ್ಲರೂ ಹಾಗೆ ಓಡಿಸಲು ಹೊರಟರೆ ದಿನಕ್ಕೆ ಹತ್ತು ಹೆಣ ಬೀಳುತ್ತದೆ, ಆ ಮಾತು ಬೇರೆ. ಆದರೆ ದೂರ ಈ ದಾರಿಯ ರೋಗವಲ್ಲ ಅನ್ನುವುದನ್ನು ಆ ಕೂಸು ತೋರಿಸಿಕೊಟ್ಟಿತು. 350 ಕಿಲೋಮೀಟರ್ ಈ ಕಾಲಕ್ಕೆ ದೂರವೇ ಅಲ್ಲ. ಹೊತ್ತು ನುಂಗುವುದು ನೆಲಮಂಗಲದ ಬಾಯಿ, ಊರೂರಿನ ಉಬ್ಬು, ಮುಂದೆ ತೆವಳುವ ಲಾರಿ, ಎಲ್ಲಕ್ಕೂ ಹೆಚ್ಚಾಗಿ ಶಿರಾಡಿ.

ಘಾಟಿ ಬಿಟ್ರೆ ಏಳಕ್ಕೆ

ಬಿಜೈ ನಿಲ್ದಾಣದಲ್ಲಿ ಮಳೆಗಾಲದ ರಾತ್ರಿ ಕೇಳಿಬರುವ ಮಾತುಕತೆ ಹೆಚ್ಚಾಗಿ ಒಂದೇ.

"ಬೆಳಿಗ್ಗೆ ಎಷ್ಟೊತ್ತಿಗೆ ಮುಟ್ತದೆ ಮಾರಾಯ್ರೆ?"

"ಘಾಟಿ ಬಿಟ್ರೆ ಏಳಕ್ಕೆ. ಬಿಡದಿದ್ರೆ ಎಂತ ಹೇಳೂದು?"

ಕಂಡಕ್ಟರು ಹೇಳುವ ಈ "ಬಿಟ್ರೆ" ಎಂಬ ಎರಡಕ್ಷರದಲ್ಲಿ ಒಂದು ಜಿಲ್ಲೆಯ ವ್ಯಾಪಾರವೇ ನೇತಾಡುತ್ತಿದೆ. ದೋಣಿಗಾಲಿನಿಂದ ಕೆಳಗೆ, ಕೆಂಪುಹೊಳೆಯ ಬದಿಯಲ್ಲಿ ಗುಂಡ್ಯದತ್ತ ಇಳಿಯುವ ಆ ರಸ್ತೆಯನ್ನು ಕಾಂಕ್ರೀಟು ಹಾಕಲೆಂದು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿದರು. ಎರಡನೆಯ ಹಂತಕ್ಕೆ 2018ರ ಜನವರಿಯಿಂದ ಜುಲೈವರೆಗೆ ಮತ್ತೆ ಮುಚ್ಚಿದರು. ಅಂತೂ ತೆರೆದರಲ್ಲ ಎಂದು ಲಾರಿಯವರು ಉಸಿರು ಬಿಡುವಷ್ಟರಲ್ಲಿ ಆಗಸ್ಟಿನ ಮಳೆಗೆ ಗುಡ್ಡವೇ ಜಾರಿ ರಸ್ತೆಗೆ ಬಂತು. ಅದೇ ಮಳೆ ಕೊಡಗನ್ನು ಕೊಚ್ಚಿತು, ಮಡಿಕೇರಿ ಮೇಲಿನ ಸಂಪಾಜೆ ದಾರಿಯೂ ಕುಸಿಯಿತು. ರೈಲು? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಹಳಿಯ ಮೇಲೂ ಮಣ್ಣು. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ಐವತ್ತು ಅಡಿ ಹೋದರೆ ಒಂದಡಿ ಇಳಿಯುವಷ್ಟು ಕಡಿದು. ಅಲ್ಲಿ ರೈಲು ಒಳ್ಳೆಯ ದಿನದಲ್ಲೂ ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ ಅಷ್ಟೆ. ಕೆಟ್ಟ ದಿನದಲ್ಲಿ ಹೋಗುವುದೇ ಇಲ್ಲ. 2024ರ ಜುಲೈ ಕೊನೆಗೂ ಹಾಗೇ ಆಯಿತು. ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ರಸ್ತೆಗೆ ಗುಡ್ಡ, ಯಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣೇ ಮಾಯ.

ಅಂಥ ದಿನಗಳಲ್ಲಿ ಮೀನಿನ ಲಾರಿ ನಿಂತಲ್ಲೇ ಮಂಜುಗಡ್ಡೆ ಕರಗುತ್ತದೆ. ತರಕಾರಿ ಮೇಲಿಂದ ಇಳಿಯುವುದಿಲ್ಲ, ಮಾರ್ಕೆಟ್ಟಿನಲ್ಲಿ ಟೊಮೆಟೊಗೆ ಹೇಳಿದ್ದೇ ರೇಟು. ಚಾರ್ಮಾಡಿ ಉಂಟಲ್ಲ ಎಂದರೆ ಅಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ. ಮೇಲೆ ಮುನ್ನೂರು ಕಿಲೋಮೀಟರಿನ ನೇರ ದಾರಿ ಖಾಲಿಯಾಗಿಯೇ ಇರುತ್ತದೆ. ಅದರಲ್ಲಿ ಮೀನೂ ಹೋಗುವುದಿಲ್ಲ, ಟೊಮೆಟೊವೂ ಬರುವುದಿಲ್ಲ. ಸೀಟಿಗೆ ಮಾತ್ರ ನೂಕುನುಗ್ಗಲು. ಬೇಡಿಕೆ ಏರಿದಂತೆ ಟಿಕೆಟ್ಟಿನ ದರ ತಾನಾಗಿ ಏರುವ ವ್ಯವಸ್ಥೆ ವಿಮಾನದವರದ್ದು. ಘಾಟಿ ಮುಚ್ಚಿದ ದಿನ ಯಾರದೋ ತಾಯಿ ಬೆಂಗಳೂರಿನಲ್ಲಿ ತೀರಿಹೋದರೂ ಆ ಯಂತ್ರಕ್ಕೆ ತಿಳಿಯುವುದಿಲ್ಲ.

ಗುಡ್ಡದ ಮೇಲಿನ ಹತ್ತು ನಿಮಿಷ

ಘಟ್ಟ ಕಾಡುವುದು ನೆಲದವರನ್ನು ಮಾತ್ರ ಎಂದುಕೊಂಡರೆ ಅದೂ ತಪ್ಪು. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರ. ಬಜ್ಪೆ ನೂರು ಮೀಟರ್ ಆಸುಪಾಸು. ಅದೂ ಗುಡ್ಡದ ತಲೆ ಸವರಿ ಮಾಡಿದ ನಿಲ್ದಾಣ, ಮೇಜಿನ ಹಾಗೆ, ಅಂಚು ದಾಟಿದರೆ ಕೊರಕಲು. ಮಳೆಗಾಲದಲ್ಲಿ ಮೋಡ ಆ ಗುಡ್ಡದ ಮೇಲೇ ಕೂತಿರುತ್ತದೆ. ರನ್‌ವೇ ಕಾಣದಿದ್ದರೆ ವಿಮಾನ ಸುತ್ತು ಹೊಡೆಯುತ್ತದೆ, ಆಮೇಲೂ ಕಾಣದಿದ್ದರೆ ಕೊಚ್ಚಿಗೋ ಕೋಯಿಕ್ಕೋಡಿಗೋ ಹೋಗುತ್ತದೆ, ಇಲ್ಲವೇ ಹೊರಟಲ್ಲಿಗೇ ವಾಪಸು. ಬೆಂಗಳೂರು ಬಿಟ್ಟು ಎರಡು ಗಂಟೆ ಆಕಾಶದಲ್ಲಿದ್ದು ಬೆಂಗಳೂರಿನಲ್ಲೇ ಇಳಿದವರು ಹಾಕುವ ಶಾಪ ಕೇಳಲು ಚೆನ್ನಾಗಿರುವುದಿಲ್ಲ.

ಆದರೆ ಆ ಸುತ್ತಿಗೆ ಬೈಯುವ ಮೊದಲು 2010ರ ಮೇ 22ರ ಬೆಳಗ್ಗೆಯನ್ನು ನೆನೆಯಬೇಕು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿತು. ನಿಲ್ಲಲು ಜಾಗ ಸಾಲದೆ ಅಂಚು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಇಳಿಯುವ ಹದ ತಪ್ಪಿದೆಯೆಂದು ಗೊತ್ತಾದಾಗಲೇ ಬಿಟ್ಟು ಮತ್ತೆ ಮೇಲೇರಬೇಕಿತ್ತು, ಹಾಗೆ ಮಾಡದಿದ್ದದ್ದೇ ಕಾರಣ ಎಂದು ವಿಚಾರಣೆಯ ವರದಿ ಹೇಳಿತು. ಮೇಲೇರಿ, ಸುತ್ತಿ ಬಂದು ಇನ್ನೊಮ್ಮೆ ಇಳಿಯಲು ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಗಲ್ಫಿನಿಂದ ರಜೆಗೆಂದು ಬರುತ್ತಿದ್ದವರ ಮನೆಯವರು ಅಂದು ಬೆಳಿಗ್ಗೆ ನಿಲ್ದಾಣದ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಈಗಲೂ ಜೂನ್–ಜುಲೈಯಲ್ಲಿ ಬಜ್ಪೆಯ ಮೇಲೆ ವಿಮಾನದ ಸದ್ದು ಎರಡು ಮೂರು ಸಲ ಬಂದು ಹೋಗುವುದು ಕೆಳಗಿನ ಮನೆಗಳವರಿಗೆ ಕೇಳಿಸುತ್ತದೆ. ಮಳೆಯ ದಿನ ಬೆಂಗಳೂರಿನಲ್ಲಿ ಕೋರ್ಟು, ಆಸ್ಪತ್ರೆ, ಇಂಟರ್‌ವ್ಯೂ ಇದ್ದವರಲ್ಲಿ ಅನುಭವಸ್ಥರು ಟಿಕೆಟ್ಟು ಯಾವುದಾದರೂ ತೆಗೆಯಲಿ, ಒಂದು ದಿನ ಮೊದಲೇ ಹೊರಡುತ್ತಾರೆ. ವಿಮಾನದವರು ಒಂದು ಗಂಟೆ ಎನ್ನುತ್ತಾರೆ, ಬಸ್ಸಿನವರು ಎಂಟು ಗಂಟೆ. ಮಳೆಗಾಲಕ್ಕೆ ಅವರು ಇಟ್ಟುಕೊಂಡ ಲೆಕ್ಕ ಇಪ್ಪತ್ನಾಲ್ಕು ಗಂಟೆ.